ಬೋರ್ಡು ಹಸಿರು, ಬಸ್ಸು ಹಳದಿ: ಗಾಡಿಗಳ ಬಣ್ಣದ ಹಿಂದೆ ಏನಿದೆ?

ಹುಬ್ಬಳ್ಳಿಯ ಚನ್ನಮ್ಮ ಸರ್ಕಲ್‌ನಲ್ಲಿ ಹತ್ತು ನಿಮಿಷ ನಿಂತರೆ ಎಷ್ಟು ಬಣ್ಣದ ಗಾಡಿಗಳು ಹಾದು ಹೋಗುತ್ತವೆ! ಹಳದಿ ಟಾಪಿನ ಆಟೊ, ಚಿನ್ನದ ಹಳದಿಯ ಶಾಲೆ ಬಸ್ಸು, ಬಿಳಿ ಆಂಬುಲೆನ್ಸ್, ಕೆಂಪು ಟ್ರ್ಯಾಕ್ಟರ್, ಹಸಿರು ಬೋರ್ಡಿನ ಸ್ಕೂಟರ್. ದಿನಾ ನೋಡುತ್ತೇವೆ, ಹಾಗಾಗಿ ಯಾಕೆ ಈ ಬಣ್ಣ ಅಂತ ಕೇಳಿಕೊಳ್ಳುವುದಿಲ್ಲ.

ಈಚೆಗೆ ಮಾತ್ರ ಜನ ಕೇಳುತ್ತಿದ್ದಾರೆ. ಹಸಿರು ಬೋರ್ಡಿನ ಗಾಡಿಗಳು ಓಣಿ ಓಣಿಗೂ ಬಂದಿವೆ. ಬೇಸಿಗೆ ರಜೆ ಮುಗಿದು ಶಾಲೆ ಶುರುವಾಗುವಾಗ ಮಕ್ಕಳನ್ನು ಯಾವ ಗಾಡಿಗೆ ಹತ್ತಿಸಬೇಕು ಅನ್ನುವ ಚಿಂತೆ ಮನೆ ಮನೆಯಲ್ಲೂ ಇರುತ್ತದೆ. ಮದುವೆಗೆ ಅಂತ ಕ್ರೂಸರ್ ಗೊತ್ತು ಮಾಡುವಾಗ "ಯೆಲ್ಲೋ ಬೋರ್ಡಾ, ವೈಟ್ ಬೋರ್ಡಾ?" ಅಂತ ಯಾರೋ ಹಿರಿಯರು ಕೇಳುತ್ತಾರೆ. ಆ ಪ್ರಶ್ನೆ ಯಾಕೆ ಮುಖ್ಯ ಅನ್ನುವುದು ಎಲ್ಲರಿಗೂ ಗೊತ್ತಿರುವುದಿಲ್ಲ.

ಗಾಡಿಗೆ ಒಂದು ಬಣ್ಣ ಬರಲು ಮೂರು ಕಾರಣ ಇರಬಹುದು. ದೂರದಿಂದಲೇ ಕಣ್ಣಿಗೆ ಬೀಳಲಿ ಅನ್ನುವುದು ಒಂದು. ಕಾನೂನು ಹಾಗೆ ಹೇಳಿದೆ ಅನ್ನುವುದು ಇನ್ನೊಂದು. ಮೂರನೆಯದು ಸುಮ್ನೆ ರೂಢಿ, ಇಲ್ಲವೇ ಕಂಪನಿಯ ಗುರುತು. ಯಾವ ಬಣ್ಣ ಯಾವ ಕಾರಣಕ್ಕೆ ಬಂದಿದೆ ಅಂತ ತಿಳಿದರೆ, ಯಾವುದನ್ನು ನಂಬಬೇಕು, ಯಾವುದಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ ಅನ್ನುವುದೂ ತಿಳಿಯುತ್ತದೆ.

ಮೊದಲು ಬೋರ್ಡು ನೋಡಿ

ಕಾನೂನಿನ ಮಟ್ಟಿಗೆ ಗಾಡಿಯ ಮೈಬಣ್ಣಕ್ಕಿಂತ ನಂಬರ್ ಪ್ಲೇಟಿನ ಬಣ್ಣಕ್ಕೆ ತೂಕ ಜಾಸ್ತಿ. ಪ್ಲೇಟಿನ ಅಂಕಿ ನೋಡಿದರೆ ಗಾಡಿ ಎಲ್ಲಿ ನೋಂದಣಿಯಾಗಿದೆ ಅಂತ ಗೊತ್ತಾಗುತ್ತದೆ. ಕೆಎ-25 ಧಾರವಾಡ, ಕೆಎ-63 ಹುಬ್ಬಳ್ಳಿ, ಕೆಎ-26 ಗದಗ, ಕೆಎ-27 ಹಾವೇರಿ, ಕೆಎ-68 ರಾಣೆಬೆನ್ನೂರು. ಆ ಗಾಡಿ ಏತಕ್ಕೆ ಓಡುತ್ತದೆ ಅನ್ನುವುದನ್ನು ಹೇಳುವುದು ಬಣ್ಣ.

ಬಿಳಿ ಪ್ಲೇಟಿನ ಮೇಲೆ ಕಪ್ಪು ಅಕ್ಷರ ಇದ್ದರೆ ಸ್ವಂತ ಬಳಕೆಯ ಗಾಡಿ. ಹಳದಿ ಪ್ಲೇಟಿನ ಮೇಲೆ ಕಪ್ಪು ಅಕ್ಷರ ಇದ್ದರೆ ದುಡಿಮೆಯ ಗಾಡಿ. ಆಟೊ, ಟ್ಯಾಕ್ಸಿ, ಟಂಟಂ, ಟಾಟಾ ಏಸ್, ಲಾರಿ, ಬಸ್ಸು ಎಲ್ಲ ಈ ಗುಂಪಿಗೆ ಬರುತ್ತವೆ. ಸರ್ಕಾರಿ ಸಾರಿಗೆ ಬಸ್ಸಿನ ನಂಬರಿನಲ್ಲಿ ಕೆಎ-25 ಆದ ಮೇಲೆ 'ಎಫ್' ಅಂತ ಇರುತ್ತದೆ. ಸರ್ಕಾರಿ ಜೀಪು, ಕಾರುಗಳಿಗೆ 'ಜಿ' ಇರುತ್ತದೆ.

ಹಳದಿ ಬೋರ್ಡಿಗೆ ಯಾಕೆ ಇಷ್ಟು ಮಹತ್ವ? ದುಡಿಮೆಯ ಗಾಡಿ ದಿನವಿಡೀ ಓಡುತ್ತದೆ, ಬೇರೆಯವರನ್ನು ಹೊತ್ತು ಓಡುತ್ತದೆ. ಅದಕ್ಕೇ ಅದರ ಮೇಲೆ ನಿಗಾ ಜಾಸ್ತಿ. ಅದಕ್ಕೆ ಪರ್ಮಿಟ್ ಬೇಕು. ಗಾಡಿ ಓಡಲು ಯೋಗ್ಯವಾಗಿದೆ ಅನ್ನುವ ಎಫ್‌ಸಿ, ಅಂದರೆ ಫಿಟ್‌ನೆಸ್ ಸರ್ಟಿಫಿಕೇಟ್ ಬೇಕು. ಎಂಟು ವರ್ಷ ಆಗುವವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಎಫ್‌ಸಿ ಮಾಡಿಸಬೇಕು. ಸ್ವಂತ ಕಾರಿಗೆ ಹೀಗಿಲ್ಲ. ಒಮ್ಮೆ ನೋಂದಣಿಯಾದರೆ 15 ವರ್ಷ ಯಾರೂ ಕೇಳುವುದಿಲ್ಲ.

ಅದಕ್ಕಿಂತ ದೊಡ್ಡ ವ್ಯತ್ಯಾಸ ಇನ್ಶೂರೆನ್ಸ್‌ನಲ್ಲಿದೆ. ಸ್ವಂತ ಕಾರಿನ ಪಾಲಿಸಿಯಲ್ಲಿ ಒಂದು ಸಾಲು ಇರುತ್ತದೆ: ಬಾಡಿಗೆಗೆ ಬಳಸುವಂತಿಲ್ಲ. ವೈಟ್ ಬೋರ್ಡಿನ ಗಾಡಿಗೆ ದುಡ್ಡು ಕೊಟ್ಟು ಹದಿನೈದು ಜನ ಬೀಗರನ್ನು ಸವಣೂರಿನಿಂದ ಗದಗಕ್ಕೆ ಕರೆದೊಯ್ದಿರಿ ಅಂದುಕೊಳ್ಳಿ. ದಾರಿಯಲ್ಲಿ ಅಪಘಾತವಾದರೆ ಕಂಪನಿ ಅದೇ ಸಾಲನ್ನು ಎತ್ತಿ ತೋರಿಸಬಹುದು. ಪರಿಹಾರದ ಮಾತು ಕೋರ್ಟಿನಲ್ಲಿ ವರ್ಷಗಟ್ಟಲೆ ಎಳೆದಾಡಬಹುದು. "ಎರಡು ಸಾವಿರ ಕಡಿಮೆ ಆಯ್ತು" ಅಂತ ವೈಟ್ ಬೋರ್ಡ್ ಹಿಡಿಯುವವರಿಗೆ ಇದನ್ನು ಯಾರೂ ಬಿಡಿಸಿ ಹೇಳಿರುವುದಿಲ್ಲ. ಹಿರಿಯರ ಆ ಒಂದು ಪ್ರಶ್ನೆಯ ಹಿಂದೆ ಇರುವುದು ಇದೇ.

ಇನ್ನು ಹಸಿರು ಬೋರ್ಡು. 2018ರಲ್ಲಿ ಬ್ಯಾಟರಿ ಗಾಡಿಗಳಿಗೆ ಅಂತ ಇದನ್ನು ತಂದರು. ಹಸಿರಿನ ಮೇಲೆ ಬಿಳಿ ಅಕ್ಷರ ಇದ್ದರೆ ಸ್ವಂತದ್ದು, ಹಳದಿ ಅಕ್ಷರ ಇದ್ದರೆ ಬಾಡಿಗೆಯದು. ಇಲ್ಲಿ ಅಕ್ಷರದ ಬಣ್ಣವನ್ನು ಗಮನಿಸಬೇಕು. ಹಸಿರು ಬೋರ್ಡು ಕಂಡ ಕೂಡಲೇ ಟ್ಯಾಕ್ಸಿ ಅಂತ ಅಂದುಕೊಳ್ಳುವುದು ಬೇಡ.

ಗೋವಾಕ್ಕೆ ಹೋಗಿ ಬಾಡಿಗೆ ಬೈಕ್ ಓಡಿಸಿದವರು ಕಪ್ಪು ಪ್ಲೇಟಿನ ಮೇಲೆ ಹಳದಿ ಅಕ್ಷರ ನೋಡಿರುತ್ತೀರಿ. ಅದು ಬಾಡಿಗೆಗೆ ಪಡೆದು ನಾವೇ ಓಡಿಸುವ ಗಾಡಿಯ ಗುರುತು. ಅಲ್ಲಿ ಯಾರಾದರೂ ಬಿಳಿ ಬೋರ್ಡಿನ ಸ್ಕೂಟರ್ ಬಾಡಿಗೆಗೆ ಕೊಡಲು ಬಂದರೆ ಬೇಡ ಅನ್ನಿ. ಕಾರಣ ಮೇಲೆ ಹೇಳಿದ್ದೇ.

ಉಳಿದವು ಅಪರೂಪ. ಹಳದಿಯ ಮೇಲೆ ಕೆಂಪು ಅಕ್ಷರ ಇದ್ದರೆ ಹೊಸ ಗಾಡಿಯ ತಾತ್ಕಾಲಿಕ ನಂಬರು. ಕೆಂಪಿನ ಮೇಲೆ ಬಿಳಿ ಅಕ್ಷರ ಇದ್ದರೆ ಇನ್ನೂ ಡೀಲರ್ ಕೈಯಲ್ಲೇ ಇರುವ ಗಾಡಿ. ನೀಲಿಯ ಮೇಲೆ ಬಿಳಿ ಇದ್ದರೆ ವಿದೇಶಿ ರಾಯಭಾರ ಕಚೇರಿಯದು, ಅದು ನಮ್ಮ ಕಡೆ ಕಾಣುವುದೇ ಕಡಿಮೆ. ಬೆಳಗಾವಿ ಕಡೆಯಿಂದ ಬರುವ ಸೇನೆಯ ಗಾಡಿಗಳ ಪ್ಲೇಟಿನಲ್ಲಿ ಮೇಲ್ಮುಖದ ಬಾಣ ಇರುತ್ತದೆ. ಬಾಣದ ನಂತರದ ಎರಡು ಅಂಕಿ ಆ ಗಾಡಿ ಖರೀದಿಸಿದ ವರ್ಷ.

ಶಾಲೆ ಬಸ್ಸಿಗೆ ಹಳದಿಯೇ ಯಾಕೆ?

ಹಗಲಿನ ಬೆಳಕಿನಲ್ಲಿ ಮನುಷ್ಯನ ಕಣ್ಣು ಎಲ್ಲಕ್ಕಿಂತ ಚುರುಕಾಗಿ ಗ್ರಹಿಸುವುದು ಹಸಿರು-ಹಳದಿಯ ಆಸುಪಾಸಿನ ಬೆಳಕನ್ನು. ಲೆಕ್ಕದಲ್ಲಿ ಹೇಳಬೇಕೆಂದರೆ ಸುಮಾರು 555 ನ್ಯಾನೊಮೀಟರ್ ಉದ್ದದ ಅಲೆ. ಕೆಂಪು ಮತ್ತು ನೀಲಿ ಅದರ ಎರಡು ತುದಿಗೆ ಬರುತ್ತವೆ, ಅಲ್ಲಿ ಕಣ್ಣಿನ ಚುರುಕು ಇಳಿಯುತ್ತಾ ಹೋಗುತ್ತದೆ.

ಇನ್ನೊಂದು ವಿಷಯವಿದೆ. ನೇರ ನೋಡುವಾಗ ಎಲ್ಲ ಬಣ್ಣವೂ ಚೆನ್ನಾಗಿ ತಿಳಿಯುತ್ತವೆ. ಕಣ್ಣಂಚಿನಲ್ಲಿ ಹಾಗಲ್ಲ. ಅಲ್ಲಿ ಕೆಂಪು-ಹಸಿರಿನ ವ್ಯತ್ಯಾಸ ಬೇಗ ಮಸುಕಾಗುತ್ತದೆ, ಹಳದಿ-ನೀಲಿ ಅಷ್ಟು ಬೇಗ ಮಸುಕಾಗುವುದಿಲ್ಲ. ನೀವು ನೇರ ರಸ್ತೆ ನೋಡುತ್ತಾ ಗಾಡಿ ಓಡಿಸುತ್ತಿದ್ದೀರಿ, ಪಕ್ಕದ ಓಣಿಯಿಂದ ಬಸ್ಸು ಹೊರಬರುತ್ತಿದೆ. ಆಗ ಹಳದಿ ಇದ್ದರೆ ಬೇಗ ಗಮನಕ್ಕೆ ಬರುತ್ತದೆ. ಶಾಲೆ ಬಸ್ಸು ಹೆಜ್ಜೆ ಹೆಜ್ಜೆಗೂ ನಿಲ್ಲುವ ಗಾಡಿ. ಇಳಿದ ಮಗು ಬಸ್ಸಿನ ಮುಂದಿನಿಂದಲೇ ರಸ್ತೆ ದಾಟಿ ಓಡಬಹುದು. ಆ ಒಂದು ಕ್ಷಣದ ಮುನ್ಸೂಚನೆಗೆ ಬೆಲೆ ಕಟ್ಟಲಾಗುವುದಿಲ್ಲ.

ಈ ಬಣ್ಣ ಗಟ್ಟಿಯಾಗಿದ್ದು ಅಮೆರಿಕದಲ್ಲಿ. ಫ್ರ್ಯಾಂಕ್ ಸೈರ್ ಎಂಬ ಶಿಕ್ಷಣ ತಜ್ಞರು ಅಲ್ಲಿನ ಹಳ್ಳಿ ಮಕ್ಕಳು ಶಾಲೆಗೆ ಹೇಗೆ ಹೋಗುತ್ತಾರೆ ಅಂತ ಅಧ್ಯಯನ ಮಾಡಿದರು. ಒಂದೊಂದು ಊರಿನಲ್ಲಿ ಒಂದೊಂದು ಬಣ್ಣದ ಬಸ್ಸು. ಒಂದು ಕಡೆಯಂತೂ ಗೋಧಿ ಸಾಗಿಸುವ ಕುದುರೆ ಗಾಡಿಯಲ್ಲೇ ಮಕ್ಕಳು ಹೋಗುತ್ತಿದ್ದರು. 1939ರಲ್ಲಿ ನ್ಯೂಯಾರ್ಕ್‌ನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಅವರು ಒಂದು ಸಭೆ ಕರೆದರು. ಬಸ್ಸು ತಯಾರಿಸುವವರು, ಪೇಂಟ್ ಕಂಪನಿಯವರು, ಶಿಕ್ಷಣ ಇಲಾಖೆಯವರು ಸೇರಿ ಬಗೆಬಗೆಯ ಬಣ್ಣದ ಪಟ್ಟಿಗಳನ್ನು ನೋಡಿ ಈ ಹಳದಿಯನ್ನು ಆರಿಸಿದರು. ಬೆಳಗಿನ ಮಬ್ಬಿನಲ್ಲೂ ಇದರ ಮೇಲೆ ಬರೆದ ಕಪ್ಪು ಅಕ್ಷರ ಚೆನ್ನಾಗಿ ಕಾಣುತ್ತದೆ ಅನ್ನುವುದು ಮುಖ್ಯ ಕಾರಣವಾಗಿತ್ತು. ಭಾರತದ ಶಾಲಾ ಬಸ್ಸುಗಳ ತಾಂತ್ರಿಕ ಮಾನದಂಡವೂ ಚಿನ್ನದ ಹಳದಿಯನ್ನೇ ಹೇಳುತ್ತದೆ.

ಆದರೆ ಹಳದಿ ಬಳಿದ ಮಾತ್ರಕ್ಕೆ ಬಸ್ಸು ಸುರಕ್ಷಿತ ಆಗುವುದಿಲ್ಲ. 1997ರಲ್ಲಿ ಸುಪ್ರೀಂ ಕೋರ್ಟ್ ನೀಡಿದ ನಿರ್ದೇಶನಗಳ ನಂತರ ಶಾಲಾ ವಾಹನಗಳಿಗೆ ಒಂದಷ್ಟು ನಿಯಮ ಬಂದವು. ಹಿಂದೆ-ಮುಂದೆ 'ಸ್ಕೂಲ್ ಬಸ್' ಅಂತ ಬರೆದಿರಬೇಕು. ಬಾಡಿಗೆಗೆ ಪಡೆದ ಗಾಡಿಯಾದರೆ 'ಆನ್ ಸ್ಕೂಲ್ ಡ್ಯೂಟಿ' ಅಂತ ಇರಬೇಕು. ಶಾಲೆಯ ಹೆಸರು, ಫೋನ್ ನಂಬರ್, ಕಿಟಕಿಗೆ ಅಡ್ಡ ಸರಳು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಬೆಂಕಿ ಆರಿಸುವ ಸಿಲಿಂಡರ್, ಜೊತೆಗೊಬ್ಬರು ಸಹಾಯಕರು. ಇವೆಲ್ಲ ಇವೆಯೇ ಅಂತ ಪಾಲಕರು ಬಸ್ಸಿನ ಬಾಗಿಲಲ್ಲಿ ನಿಂತೇ ನೋಡಬಹುದು. ಕೇಳಲು ಸಂಕೋಚ ಬೇಡ. ಬಿಳಿ ಬೋರ್ಡಿನ ವ್ಯಾನಿನಲ್ಲಿ ಸೀಟಿಗಿಂತ ಎರಡು ಪಟ್ಟು ಮಕ್ಕಳನ್ನು ತುಂಬಿಕೊಂಡು ಹೋಗುವುದನ್ನು ನೋಡಿದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಕೆಂಪು ಬಣ್ಣ ಮತ್ತು ಮುಸ್ಸಂಜೆ

ಕೆಂಪು ಎಲ್ಲಕ್ಕಿಂತ ಚೆನ್ನಾಗಿ ಕಾಣುವ ಬಣ್ಣ, ಅದಕ್ಕೇ ಅಗ್ನಿಶಾಮಕ ವಾಹನಕ್ಕೆ ಕೆಂಪು ಅಂತ ಬಹಳ ಜನ ನಂಬಿದ್ದಾರೆ. ಹಗಲಿನಲ್ಲಿ ಇದು ಅರ್ಧ ಸರಿ. ಕತ್ತಲಾಗುತ್ತಿದ್ದಂತೆ ಪೂರ್ತಿ ತಪ್ಪು.

ಬ್ಯಾಡಗಿಯಲ್ಲಿ ಮೆಣಸಿನಕಾಯಿ ಹರವಿದ ಕಣವನ್ನು ಸಂಜೆ ಹೊತ್ತಿನಲ್ಲಿ ಗಮನಿಸಿ. ಮೂರು ಗಂಟೆಯ ಬಿಸಿಲಿನಲ್ಲಿ ಕಣ್ಣು ಕುಕ್ಕುವಂತಿದ್ದ ಕೆಂಪು ರಾಶಿ, ಸೂರ್ಯ ಮುಳುಗಿದ ಮೇಲೆ ಕಂದಾಗುತ್ತದೆ, ಆಮೇಲೆ ಹೆಚ್ಚು ಕಡಿಮೆ ಕಪ್ಪಾಗುತ್ತದೆ. ಅದೇ ಹೊತ್ತಿಗೆ ಬದುವಿನ ಬೇವಿನ ಎಲೆ ಇನ್ನೂ ತಿಳಿಯಾಗಿ ಕಾಣುತ್ತಿರುತ್ತದೆ. ಮೆಣಸಿನಕಾಯಿ ಬದಲಾಗಿಲ್ಲ. ಬದಲಾಗಿದ್ದು ನಮ್ಮ ಕಣ್ಣು.

ಕಣ್ಣಿನೊಳಗೆ ಎರಡು ಬಗೆಯ ಕೋಶಗಳಿವೆ. ಅವು ಗಿರಣಿಯ ಪಾಳಿ ಕೆಲಸಗಾರರ ಹಾಗೆ. ಹಗಲು ಪಾಳಿಯವು ಶಂಕುಕೋಶಗಳು, ಬಣ್ಣ ಗುರುತಿಸುವುದು ಇವುಗಳ ಕೆಲಸ. ರಾತ್ರಿ ಪಾಳಿಯವು ದಂಡಕೋಶಗಳು. ಇವಕ್ಕೆ ಬಣ್ಣ ಗೊತ್ತಿಲ್ಲ, ಆದರೆ ತೀರಾ ಮಂದ ಬೆಳಕಿನಲ್ಲೂ ಕೆಲಸ ಮಾಡುತ್ತವೆ. ದಂಡಕೋಶಗಳು ನೀಲಿ-ಹಸಿರಿಗೆ ಚುರುಕು, ಕೆಂಪಿಗೆ ಹೆಚ್ಚು ಕಡಿಮೆ ಕುರುಡು. ಮುಸ್ಸಂಜೆ ಅಂದರೆ ಪಾಳಿ ಬದಲಾಗುವ ಹೊತ್ತು. ಯಾನ್ ಪುರ್ಕಿನ್ಯೆ ಎಂಬ ಚೆಕ್ ವಿಜ್ಞಾನಿ 1819ರಲ್ಲಿ ಇದನ್ನು ಗುರುತಿಸಿದರು. ಅವರು ನೋಡಿದ್ದು ಹೂವುಗಳನ್ನು. ಬಿಸಿಲಲ್ಲಿ ಹೊಳೆಯುವ ಕೆಂಪು ಹೂವು ನಸುಕಿನಲ್ಲಿ ಕಪ್ಪಗೆ ಕಾಣುವುದನ್ನು ಕಂಡು ಯೋಚನೆಗೆ ಬಿದ್ದರು. ಈ ಬದಲಾವಣೆಗೆ ಅವರದೇ ಹೆಸರಿದೆ.

ಈ ಕಾರಣಕ್ಕೇ ಅಮೆರಿಕದ ಕೆಲವು ಊರುಗಳಲ್ಲಿ 1970ರ ದಶಕದಲ್ಲಿ ಅಗ್ನಿಶಾಮಕ ವಾಹನಗಳಿಗೆ ನಿಂಬೆಹಸಿರು ಬಳಿದರು. ಚೆನ್ನಾಗಿ ಕಾಣುತ್ತಿತ್ತು. ಆದರೆ ಕೆಂಪೆಂದರೆ ಬೆಂಕಿ ಗಾಡಿ ಅಂತ ಜನರ ತಲೆಯಲ್ಲಿ ಕೂತುಬಿಟ್ಟಿದೆ. ಗಾಡಿ ಕಂಡರೆ ಸಾಲದು, ಅದು ಯಾವ ಗಾಡಿ ಅಂತ ಗುರುತೂ ಸಿಗಬೇಕು. ಹಾಗಾಗಿ ಕೆಂಪು ಬಹುತೇಕ ಕಡೆ ಉಳಿದುಕೊಂಡಿತು. ಕತ್ತಲಿನ ಕೊರತೆಯನ್ನು ಮಿನುಗುವ ದೀಪ, ಸೈರನ್, ಬೆಳಕು ಮರಳಿಸುವ ಪಟ್ಟಿಗಳಿಂದ ತುಂಬಿಕೊಂಡರು. ತುರ್ತು ವಾಹನಗಳ ದೀಪದಲ್ಲಿ ಕೆಂಪಿನ ಜೊತೆ ನೀಲಿಯೂ ಇರುವುದನ್ನು ನೋಡಿದ್ದೀರಲ್ವಾ? ರಾತ್ರಿ ಪಾಳಿಯ ಕಣ್ಣಿಗೆ ನೀಲಿ ಚೆನ್ನಾಗಿ ಬೀಳುತ್ತದೆ.

ಮಂತ್ರಿ, ಅಧಿಕಾರಿಗಳ ಕಾರಿನ ಮೇಲಿದ್ದ ಕೆಂಪು ದೀಪ 2017ರ ಮೇ 1ರಿಂದ ಇಲ್ಲ. ಈಗ ಮಿನುಗುವ ದೀಪ ಇರುವುದು ತುರ್ತು ಕೆಲಸದ ವಾಹನಗಳಿಗೆ ಮಾತ್ರ. ಅಂದರೆ ಕನ್ನಡಿಯಲ್ಲಿ ಅಂಥ ದೀಪ ಕಂಡರೆ, ಹಿಂದೆ ಯಾರದೋ ಜೀವ ಅಥವಾ ಮನೆ ಕಾಯುತ್ತಿದೆ ಅಂತಲೇ ತಿಳಿದು ದಾರಿ ಬಿಡಬೇಕು.

ಕೆಂಪು ಬೆಳಕು ಮಂಜನ್ನು ಸೀಳಿಕೊಂಡು ಬರುತ್ತದೆ ಅನ್ನುವ ಮಾತೂ ಚಾಲ್ತಿಯಲ್ಲಿದೆ. ಶುದ್ಧ ಗಾಳಿಯಲ್ಲಿ ನೀಲಿಗಿಂತ ಕೆಂಪು ಕಡಿಮೆ ಚದುರುವುದು ನಿಜ. ಮಂಜಿನ ಹನಿಗಳು ಬೆಳಕಿನ ಅಲೆಗಿಂತ ಬಹಳ ದೊಡ್ಡವು. ಅವು ಎಲ್ಲ ಬಣ್ಣವನ್ನೂ ಹೆಚ್ಚು ಕಡಿಮೆ ಒಂದೇ ರೀತಿ ಚದುರಿಸುತ್ತವೆ. ಡಿಸೆಂಬರ್ ಬೆಳಗಿನ ಧಾರವಾಡದ ಮಂಜಿನಲ್ಲಿ ಬಣ್ಣವನ್ನು ನಂಬಬೇಡಿ. ವೇಗ ಇಳಿಸಿ.

ಆಂಬುಲೆನ್ಸ್: ಬಿಳಿ ಮೈ, ತಿರುವುಮುರುವು ಅಕ್ಷರ

ಬಿಳಿ ಬಣ್ಣ ತನ್ನ ಮೇಲೆ ಬಿದ್ದ ಬೆಳಕಿನ ಬಹುಭಾಗವನ್ನು ವಾಪಸ್ ಕಳಿಸುತ್ತದೆ. ಹಾಗಾಗಿ ಹಗಲು, ರಾತ್ರಿ ಎರಡರಲ್ಲೂ ಕಾಣುತ್ತದೆ. ಒಳಗೂ ಸೆಕೆ ಕಡಿಮೆ. ಮುಂಭಾಗದಲ್ಲಿ ಹೆಸರನ್ನು ತಿರುವಿ ಬರೆಯುವುದು ಮುಂದಿನ ಗಾಡಿಯವರಿಗಾಗಿ. ಅವರ ಕನ್ನಡಿಯಲ್ಲಿ ಅದು ನೆಟ್ಟಗೆ ಕಾಣುತ್ತದೆ.

ಇನ್ನು ಕೆಂಪು ಕ್ರಾಸ್. ಅದು ಆಸ್ಪತ್ರೆಯ ಗುರುತು ಅಂತ ನಾವೆಲ್ಲ ಅಂದುಕೊಂಡಿದ್ದೇವೆ. ನಿಜಕ್ಕೂ ಅದು ಯುದ್ಧಕಾಲದಲ್ಲಿ ಗಾಯಾಳುಗಳನ್ನೂ ಅವರ ಆರೈಕೆ ಮಾಡುವವರನ್ನೂ ರಕ್ಷಿಸಲು ಅಂತ ಮೀಸಲಾದ ಗುರುತು. ಸೇನೆಯ ವೈದ್ಯಕೀಯ ಪಡೆ ಮತ್ತು ರೆಡ್ ಕ್ರಾಸ್ ಸಂಸ್ಥೆ ಬಿಟ್ಟು ಬೇರೆಯವರು ಬಳಸುವಂತಿಲ್ಲ. ಅದಕ್ಕೆ 1960ರ ಜಿನೀವಾ ಒಪ್ಪಂದಗಳ ಕಾಯ್ದೆಯೇ ಇದೆ. 2008ರ ನವೆಂಬರ್ 1ರಂದು ರಾಜ್ಯದಲ್ಲಿ ಶುರುವಾದ 108 ಸೇವೆಯ ಗಾಡಿಯನ್ನು ಜನ ಗುರುತಿಸುವುದು ಆ ಮೂರು ಅಂಕಿಯಿಂದಲೇ.

ಕಾನೂನು ಎತ್ತಿಟ್ಟ ಬಣ್ಣಗಳು

ಮೈಬಣ್ಣದ ವಿಷಯದಲ್ಲಿ ಕಾನೂನು ಜಾಸ್ತಿ ತಲೆ ಹಾಕುವುದಿಲ್ಲ. ಒಂದು ಬಣ್ಣವನ್ನು ಮಾತ್ರ ಪೂರ್ತಿ ಎತ್ತಿಟ್ಟಿದೆ: ಸೇನೆಯ ಆಲಿವ್ ಹಸಿರು. ಕೇಂದ್ರ ಮೋಟಾರು ವಾಹನ ನಿಯಮಗಳ 121ನೇ ನಿಯಮದ ಪ್ರಕಾರ ರಕ್ಷಣಾ ಇಲಾಖೆಯ ಗಾಡಿ ಬಿಟ್ಟು ಬೇರೆ ಯಾವುದಕ್ಕೂ ಆ ಬಣ್ಣ ಬಳಿಯುವಂತಿಲ್ಲ. ಹಳೆಯ ಜೀಪು ಕೊಂಡು ಚಂದ ಮಾಡಿಸುವ ಹುಡುಗರು ಇದನ್ನು ನೆನಪಿಡಬೇಕು. ಪೇಂಟರ್ ಬಳಿದು ಕೊಡುತ್ತಾನೆ, ತೊಂದರೆ ಬರುವುದು ಮಾಲೀಕರಿಗೆ.

ದೇಶವೆಲ್ಲ ಸುತ್ತುವ ನ್ಯಾಷನಲ್ ಪರ್ಮಿಟ್ ಲಾರಿಗಳಿಗೆ ಹಿಂದಿನ ನಿಯಮದಲ್ಲಿ ಒಣಗಿದ ಎಲೆಯ ಕಂದು ಬಣ್ಣ, ಸುತ್ತ ಬಿಳಿ ಅಂಚು ಅಂತ ಇತ್ತು. ಹಳೆಯ ಲಾರಿಗಳ ಮೈ ಕಂದಾಗಿರುವುದು ಅದಕ್ಕೇ. ಪ್ರವಾಸಿ ಬಸ್ಸು ಬಿಳಿಯಾಗಿದ್ದು ನಡುವೆ ನೀಲಿ ಪಟ್ಟಿ ಇರುವುದಕ್ಕೂ ಅಂಥದೇ ನಿಯಮ ಕಾರಣ.

ಇವೆರಡಕ್ಕಿಂತ ಮುಖ್ಯವಾದದ್ದು ಟ್ಯಾಂಕರ್. ಪುಣೆ-ಬೆಂಗಳೂರು ಹೆದ್ದಾರಿ ಧಾರವಾಡ, ಹುಬ್ಬಳ್ಳಿ, ಶಿಗ್ಗಾಂವಿ, ಹಾವೇರಿ, ರಾಣೆಬೆನ್ನೂರು ಎಲ್ಲವನ್ನೂ ಮುಟ್ಟಿಕೊಂಡು ಹೋಗುತ್ತದೆ. ಈ ದಾರಿಯಲ್ಲಿ ಪೆಟ್ರೋಲು, ಗ್ಯಾಸು, ಆ್ಯಸಿಡ್ ತುಂಬಿದ ಟ್ಯಾಂಕರ್‌ಗಳು ಹಗಲು ರಾತ್ರಿ ಓಡುತ್ತವೆ. ಅವುಗಳ ಹಿಂದೆ, ಪಕ್ಕದಲ್ಲಿ ಮೂಲೆ ಮೇಲಾಗಿ ನಿಲ್ಲಿಸಿದ ಒಂದು ಚೌಕ ಇರುತ್ತದೆ. ಕೆಂಪು ಚೌಕ ಇದ್ದರೆ ಬೆಂಕಿ ಹಿಡಿಯುವ ವಸ್ತು. ಹಳದಿ ಇದ್ದರೆ ಬೆಂಕಿಗೆ ಇನ್ನಷ್ಟು ಬಲ ಕೊಡುವ ವಸ್ತು. ಬಿಳಿ ಚೌಕದಲ್ಲಿ ತಲೆಬುರುಡೆ ಇದ್ದರೆ ವಿಷ. ಕಿತ್ತಳೆ ಬಣ್ಣ ಸಿಡಿಮದ್ದಿನದು. ಮೇಲರ್ಧ ಬಿಳಿ, ಕೆಳಗರ್ಧ ಕಪ್ಪು ಇದ್ದರೆ ಮೈ ಸುಡುವ ಆ್ಯಸಿಡ್‌ನಂಥದ್ದು.

ಪಕ್ಕದಲ್ಲೇ ನಾಲ್ಕು ಅಂಕಿಯ ಸಂಖ್ಯೆ ಇರುತ್ತದೆ. ಇದು ಜಗತ್ತಿಗೆಲ್ಲ ಒಂದೇ. 1203 ಪೆಟ್ರೋಲ್, 1202 ಡೀಸೆಲ್, 1075 ಅಡುಗೆ ಅನಿಲ. ಟ್ಯಾಂಕರ್ ಮಗುಚಿ ಬಿದ್ದರೆ ಕೊಡ, ಕ್ಯಾನು ಹಿಡಿದು ಓಡಬಾರದು. ದೂರದಿಂದಲೇ ಚೌಕದ ಬಣ್ಣ, ಈ ಸಂಖ್ಯೆ ನೋಡಿಕೊಂಡು 112ಕ್ಕೆ ಹೇಳಿದರೆ, ಬರುವವರು ತಕ್ಕ ತಯಾರಿಯಲ್ಲಿ ಬರುತ್ತಾರೆ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ನೆಲಕ್ಕಂಟಿ ಹರಿದು ಹೋಗಿ ತಗ್ಗಿನಲ್ಲಿ ತುಂಬಿಕೊಳ್ಳುತ್ತದೆ. ಎಲ್ಲೋ ದೂರ ಹಚ್ಚಿದ ಬೀಡಿ ಕೂಡ ಸಾಕು.

ಟ್ರ್ಯಾಕ್ಟರ್, ಜೆಸಿಬಿ, ಕೆಂಪು ಬಸ್ಸು

ಇಲ್ಲಿ ಕಾನೂನೂ ಇಲ್ಲ, ಹೆಚ್ಚಿನ ವಿಜ್ಞಾನವೂ ಇಲ್ಲ. ಟ್ರ್ಯಾಕ್ಟರ್ ಬಣ್ಣ ಅಂದರೆ ಕಂಪನಿಯ ಗುರುತು. ಮಹೀಂದ್ರಾ, ಮ್ಯಾಸಿ ಫರ್ಗ್ಯೂಸನ್ ಕೆಂಪು. ಸೋನಾಲಿಕಾ, ನ್ಯೂ ಹಾಲೆಂಡ್ ನೀಲಿ. ಜಾನ್ ಡಿಯರ್ ಹಸಿರು ಮೈ, ಹಳದಿ ಗಾಲಿ. ಹೊಲದ ಆ ತುದಿಯಲ್ಲಿ ಉಳುತ್ತಿದ್ದರೂ ನಮ್ಮ ರೈತರು ಯಾರ ಟ್ರ್ಯಾಕ್ಟರ್ ಅಂತ ಹೇಳಿಬಿಡುತ್ತಾರೆ. ಕಂಪನಿಗಳಿಗೆ ಬೇಕಿರುವುದೂ ಅದೇ.

ಮಣ್ಣು ಅಗೆಯುವ ಯಂತ್ರಗಳ ಹಳದಿಗೆ ಮಾತ್ರ ಸುರಕ್ಷತೆಯ ನಂಟಿದೆ. ಕ್ಯಾಟರ್‌ಪಿಲ್ಲರ್ ಕಂಪನಿ ಮೊದಲು ಬೂದು ಬಣ್ಣ ಬಳಿಯುತ್ತಿತ್ತು. 1931ರಲ್ಲಿ ಹಳದಿಗೆ ಬದಲಾಯಿಸಿತು. ರಸ್ತೆ ಕೆಲಸದಲ್ಲಿ ಯಂತ್ರ ದೂರಕ್ಕೆ ಕಾಣಲಿ ಅನ್ನುವುದು ಉದ್ದೇಶ. ಆಮೇಲೆ ಬಹಳಷ್ಟು ಕಂಪನಿಗಳು ಅದೇ ದಾರಿ ಹಿಡಿದವು. ಹಳದಿ ಯಂತ್ರ ಕಂಡರೆ ನಾವು ಯಾವ ಕಂಪನಿಯದಾದರೂ ಜೆಸಿಬಿ ಅಂದುಬಿಡುವಷ್ಟು ಅದು ಬೇರೂರಿದೆ.

ಸಾರಿಗೆ ಬಸ್ಸಿಗೆ 'ಕೆಂಪು ಬಸ್ಸು' ಅನ್ನುವುದು ರಾಜ್ಯದ ಹಳೆಯ ರೂಢಿ. 1997ರಲ್ಲಿ ಹುಬ್ಬಳ್ಳಿಯನ್ನು ಕೇಂದ್ರ ಮಾಡಿಕೊಂಡು ವಾಯವ್ಯ ಸಾರಿಗೆ ಬೇರೆಯಾದ ಮೇಲೂ ಆ ಹೆಸರು ಹೋಗಿಲ್ಲ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಯಾವ ಬಸ್ಸು ಉಚಿತ ಅನ್ನುವುದು ಮಹಿಳೆಯರಿಗೆ ಮುಖ್ಯವಾಯಿತು. ಇಲ್ಲಿ ಬಣ್ಣ ನೋಡಿ ಹತ್ತಬೇಡಿ. ಒಂದೇ ಸಂಸ್ಥೆಯ ಬಸ್ಸುಗಳು ಕಾಲಕಾಲಕ್ಕೆ ಬಣ್ಣ ಬದಲಿಸುತ್ತವೆ. ಬಸ್ಸಿನ ಮೇಲೆ ಬರೆದ ಸೇವೆಯ ಹೆಸರನ್ನು ಓದಿ. ರಾಜಹಂಸ, ಐರಾವತದಂಥ ಐಷಾರಾಮಿ ಬಸ್ಸುಗಳಿಗೆ ಯೋಜನೆ ಅನ್ವಯಿಸುವುದಿಲ್ಲ.

ಸ್ವಂತ ಕಾರು: ಬಿಳಿಯೋ, ಕಪ್ಪೋ?

ಇದು ಅವರವರ ಇಷ್ಟ. ಎರಡು ಮಾತು ಮಾತ್ರ ಹೇಳಬಹುದು. ಕಪ್ಪು ಬಣ್ಣ ಬಿಸಿಲನ್ನು ಹೀರುತ್ತದೆ, ಗದಗಿನ ಏಪ್ರಿಲ್ ಬಿಸಿಲಿನಲ್ಲಿ ನಿಲ್ಲಿಸಿದ ಕಪ್ಪು ಕಾರಿನ ಬಾಗಿಲು ಮುಟ್ಟಿದವರಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ. ಇನ್ನೊಂದು, ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದ ಅಧ್ಯಯನದಲ್ಲಿ ಹಗಲು ಹೊತ್ತು ಬಿಳಿ ಕಾರಿಗಿಂತ ಕಪ್ಪು ಕಾರಿಗೆ ಅಪಘಾತದ ಸಂಭವ ಸುಮಾರು 12 ಶೇಕಡಾ ಜಾಸ್ತಿ ಅಂತ ಕಂಡುಬಂತು. ಡಾಂಬರು ರಸ್ತೆಯ ಬಣ್ಣದಲ್ಲೇ ಕಾರೂ ಸೇರಿಕೊಂಡರೆ ಎದುರಿನವರಿಗೆ ತಡವಾಗಿ ಕಾಣುವುದು ಸಹಜ.

ಬಣ್ಣ ಬದಲಿಸುವ ಆಸೆ ಇದ್ದರೆ ಮೊದಲು ಆರ್‌ಸಿ ನೋಡಿ. ಅದರಲ್ಲಿ ಗಾಡಿಯ ಬಣ್ಣ ದಾಖಲಾಗಿರುತ್ತದೆ. ಬೇರೆ ಬಣ್ಣ ಬಳಿಸಿದರೆ ಆರ್‌ಟಿಒ ಕಚೇರಿಯಲ್ಲಿ ಅನುಮತಿ ಪಡೆದು ಆರ್‌ಸಿಯಲ್ಲೂ ಬದಲಿಸಿಕೊಳ್ಳಬೇಕು. ಇನ್ಶೂರೆನ್ಸ್ ಕಂಪನಿಗೂ ತಿಳಿಸಬೇಕು. ಹಳೆಯ ಗಾಡಿ ಕೊಳ್ಳುವಾಗ ಬಾನೆಟ್ ಎತ್ತಿ, ಬಾಗಿಲಿನ ರಬ್ಬರ್ ಸರಿಸಿ ಒಳಗಿನ ಬಣ್ಣ ನೋಡುವುದು ಒಳ್ಳೆಯದು. ಒಳಗೊಂದು, ಹೊರಗೊಂದು ಬಣ್ಣ ಇದ್ದರೆ ಕೇಳಬೇಕಾದ ಪ್ರಶ್ನೆಗಳು ಬಹಳ ಇವೆ.

ಕತ್ತಲಲ್ಲಿ ಕೆಲಸಕ್ಕೆ ಬರುವುದು ಪೇಂಟಲ್ಲ, ರೇಡಿಯಂ

ರಾತ್ರಿ ಎಲ್ಲ ಪೇಂಟೂ ಸೋಲುತ್ತದೆ. ಆಗ ಕೈ ಹಿಡಿಯುವುದು ನಾವು ರೇಡಿಯಂ ಅಂತ ಕರೆಯುವ ಪಟ್ಟಿ. ಸಾಮಾನ್ಯ ಬಣ್ಣ ತನ್ನ ಮೇಲೆ ಬಿದ್ದ ಬೆಳಕನ್ನು ಎಲ್ಲ ದಿಕ್ಕಿಗೂ ಚದುರಿಸುತ್ತದೆ. ಈ ಪಟ್ಟಿಯೊಳಗೆ ಪುಟ್ಟ ಗಾಜಿನ ಮಣಿಗಳೋ, ಪಟ್ಟಕಗಳೋ ಇರುತ್ತವೆ. ಅವು ಬೆಳಕನ್ನು ಬಂದ ದಿಕ್ಕಿಗೇ ತಿರುಗಿಸಿ ಕಳಿಸುತ್ತವೆ. ನಿಮ್ಮ ಹೆಡ್‌ಲೈಟಿನ ಬೆಳಕು ನಿಮ್ಮ ಕಣ್ಣಿಗೇ ವಾಪಸ್ ಬರುತ್ತದೆ. ಹಾಗಾಗಿ ಎದುರಿನ ಗಾಡಿಯ ಲೈಟು ಕೆಟ್ಟಿದ್ದರೂ ಅದು ನಿಮಗೆ ಕಾಣುತ್ತದೆ. 2019ರ ಏಪ್ರಿಲ್‌ನಿಂದ ಹೊಸ ಗಾಡಿಗಳಿಗೆ ಬರುತ್ತಿರುವ ಎಚ್‌ಎಸ್‌ಆರ್‌ಪಿ ನಂಬರ್ ಪ್ಲೇಟಿನಲ್ಲೂ ಇಂಥದೇ ಹಾಳೆ ಇದೆ.

ಈ ಪಟ್ಟಿಗಳ ಬಣ್ಣಕ್ಕೆ ಖಚಿತ ನಿಯಮವಿದೆ. ಸರಕು ವಾಹನದ ಮುಂದೆ ಬಿಳಿ, ಪಕ್ಕದಲ್ಲಿ ಹಳದಿ, ಹಿಂದೆ ಕೆಂಪು. ಕತ್ತಲಲ್ಲಿ ಕೆಂಪು ಕಂಡರೆ ಗಾಡಿಯ ಬೆನ್ನು ಕಾಣುತ್ತಿದೆ, ಬಿಳಿ ಕಂಡರೆ ಎದುರಿಗೆ ಬರುತ್ತಿದೆ, ಹಳದಿ ಕಂಡರೆ ರಸ್ತೆಗೆ ಅಡ್ಡ ನಿಂತಿದೆ. ಚಾಲಕರಿಗೆ ಬ್ರೇಕ್ ಹಾಕುವ ಮೊದಲೇ ಇಷ್ಟು ಗೊತ್ತಾಗುತ್ತದೆ. ಹಾಗಿರುವಾಗ ಚಂದ ಕಾಣುತ್ತದೆ ಅಂತ ಹಿಂದೆ ಬಿಳಿ ಪಟ್ಟಿ, ಮುಂದೆ ಕೆಂಪು ದೀಪ ಹಾಕಿಸುವುದು ಬಹಳ ಅಪಾಯ. ಹಿಂದೆ ಬರುವವನಿಗೆ ಗಾಡಿ ತನ್ನ ಕಡೆಗೇ ಬರುತ್ತಿದೆ ಅನ್ನಿಸಿಬಿಡಬಹುದು.

ನಮ್ಮ ಕಡೆ ಇದು ಎಲ್ಲಕ್ಕಿಂತ ಜಾಸ್ತಿ ಬೇಕಾಗಿರುವುದು ಟ್ರ್ಯಾಕ್ಟರ್ ಟ್ರೇಲರ್‌ಗಳಿಗೆ. ಸುಗ್ಗಿಯಲ್ಲಿ ಗೋವಿನಜೋಳ, ಹತ್ತಿ, ಕಬ್ಬು ತುಂಬಿದ ಟ್ರೇಲರ್‌ಗಳು ರಾತ್ರಿಯೆಲ್ಲ ಓಡುತ್ತವೆ. ಬಹಳಷ್ಟು ಟ್ರೇಲರ್‌ಗಳಿಗೆ ಹಿಂದಿನ ದೀಪವೇ ಇರುವುದಿಲ್ಲ. ಇದ್ದರೂ ವೈರು ಕಿತ್ತು ಹೋಗಿರುತ್ತದೆ. ಹಿಂದಿನ ಹಲಗೆಯ ಬಣ್ಣ ಧೂಳು ಹಿಡಿದು ರಸ್ತೆಯ ಜೊತೆ ಒಂದಾಗಿರುತ್ತದೆ. ಮೇಲೆ ತುಂಬಿದ ಹೊರೆ ಇಳಿಬಿದ್ದು ಇದ್ದ ರಿಫ್ಲೆಕ್ಟರ್ ಕೂಡ ಮುಚ್ಚಿ ಹೋಗುತ್ತದೆ. ಹಿಂದಿನಿಂದ ಬೈಕಿನಲ್ಲಿ ಬರುವವನಿಗೆ ಅದು ಕಾಣುವ ಹೊತ್ತಿಗೆ ತಡವಾಗಿರುತ್ತದೆ. ಟ್ರೇಲರ್ ಸೇರಿದಂತೆ ನಾಲ್ಕು ಗಾಲಿಯ ಗಾಡಿಗಳ ಹಿಂದೆ ಎರಡೂ ಬದಿಗೆ ಒಂದೊಂದು ಕೆಂಪು ರಿಫ್ಲೆಕ್ಟರ್ ಇರಬೇಕು ಅಂತ ನಿಯಮವೇ ಇದೆ.

ಅಂಗಡಿಯಲ್ಲಿ ಪಟ್ಟಿ ಕೊಳ್ಳುವಾಗ ಒಂದು ಪರೀಕ್ಷೆ ಮಾಡಿ. ಹೆಸರು ಬರೆಸಲು ಬಳಸುವ ಬಣ್ಣದ ಸ್ಟಿಕ್ಕರಿಗೂ ಜನ ರೇಡಿಯಂ ಅಂತಲೇ ಅನ್ನುತ್ತಾರೆ, ಆದರೆ ಅವುಗಳಲ್ಲಿ ಎಲ್ಲವೂ ಬೆಳಕನ್ನು ಮರಳಿಸುವುದಿಲ್ಲ. ಪಟ್ಟಿಯನ್ನು ನೆರಳಿಗೆ ಹಿಡಿಸಿ, ನಾಲ್ಕು ಮಾರು ದೂರ ನಿಂತು, ಮೊಬೈಲ್ ಟಾರ್ಚನ್ನು ನಿಮ್ಮ ಕಣ್ಣಿನ ಪಕ್ಕದಲ್ಲೇ ಇಟ್ಟು ಬೆಳಗಿಸಿ. ಅಸಲಿ ಪಟ್ಟಿ ಉರಿಯುವಂತೆ ಹೊಳೆಯುತ್ತದೆ. ಉಳಿದದ್ದು ಬರೀ ಕೆಂಪಾಗಿ ಕಾಣುತ್ತದೆ. ಅಂಟಿಸುವ ಮೊದಲು ಹಲಗೆಯ ಎಣ್ಣೆ, ಧೂಳು ಒರೆಸಿ ಒಣಗಿಸಿ, ಇಲ್ಲದಿದ್ದರೆ ಮೊದಲ ಮಳೆಗೇ ಕಿತ್ತು ಬರುತ್ತದೆ. ಹೊರೆ ಇಳಿಬಿದ್ದರೂ ಮುಚ್ಚದ ಹಾಗೆ ಹಲಗೆಯ ಎರಡೂ ಅಂಚಿಗೆ, ಕೆಳಭಾಗದಲ್ಲಿ ಹಾಕಿಸಿ. ವಾರಕ್ಕೊಮ್ಮೆ ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು, ಮಣ್ಣು ಮೆತ್ತಿದ ಪಟ್ಟಿ ಇದ್ದೂ ಇಲ್ಲದ ಹಾಗೆ.